ಗೋಧಿ ಬಿಟ್ಟರೆ ಸಾಲದು, ಅನ್ನವನ್ನೂ ಅಳೆಯಬೇಕು

(ಮಲೆನಾಡಿನ ಆಹಾರ ಮತ್ತು ಕೃಷಿಯನ್ನು ಕುರಿತ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾಡು, ನೀರು, ಮಣ್ಣುಗಳನ್ನು ಕುರಿತು ಚರ್ಚಿಸುವ ಈ ವೇದಿಕೆಯಲ್ಲಿ ಊಟದ ತಟ್ಟೆಯ ವಿಚಾರವೇಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ನಾವು ಏನನ್ನು ಉಣ್ಣುತ್ತೇವೆ ಎಂಬುದಕ್ಕೂ ನಮ್ಮ ಗದ್ದೆಯಲ್ಲಿ, ಹಿತ್ತಿಲಿನಲ್ಲಿ ಏನು ಉಳಿಯುತ್ತದೆ ಎಂಬುದಕ್ಕೂ ನೇರ ಸಂಬಂಧವಿದೆ. ಆ ಸಂಬಂಧವನ್ನು ಕೊನೆಯಲ್ಲಿ ಪ್ರಸ್ತಾಪಿಸುತ್ತೇನೆ. ಮೊದಲು ಈಗ ಊರೂರಿಗೂ ಬಂದಿರುವ ಎರಡು ಪಥ್ಯಗಳ ಮಾತು. ಒಂದು, ಗ್ಲುಟೆನ್ ಇರುವ ಆಹಾರವನ್ನು ವರ್ಜಿಸುವುದು. ಇನ್ನೊಂದು, ಶರ್ಕರಪಿಷ್ಟವನ್ನು ಕಡಿಮೆ ಮಾಡುವುದು. ಇವೆರಡೂ ಒಂದೇ ಎಂಬ ಭಾವನೆ ವಿದ್ಯಾವಂತರಲ್ಲಿಯೂ ಇದೆ. ವಾಸ್ತವದಲ್ಲಿ ಇವು ಬೇರೆ ಬೇರೆ ಕಾರಣಗಳಿಗೆ ಹುಟ್ಟಿದವು. ಒಂದನ್ನು ಪಾಲಿಸಹೊರಟವರು ಅನೇಕ ವೇಳೆ ಇನ್ನೊಂದನ್ನು ಕೆಡಿಸಿಕೊಳ್ಳುತ್ತಾರೆ. ನಾನು ಬೆಳೆ ವಿಜ್ಞಾನದವನೇ ಹೊರತು ವೈದ್ಯನಲ್ಲ. ಧಾನ್ಯದೊಳಗೆ ಏನಿದೆ ಎಂಬುದನ್ನು ಹೇಳಬಲ್ಲೆ. ಯಾರಿಗೆ ಯಾವ ಮಾತ್ರೆ, ಎಷ್ಟು ಎಂಬುದು ವೈದ್ಯರಿಗೆ ಸೇರಿದ್ದು.

ವಿದ್ಯಾರ್ಥಿಗಳು ಮನೆಯಲ್ಲಿಯೇ ಒಂದು ಪ್ರಯೋಗ ಮಾಡಬಹುದು. ಒಂದು ಹಿಡಿ ಮೈದಾ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಅರ್ಧ ಗಂಟೆ ಬಿಟ್ಟು, ನೀರಿನಲ್ಲಿ ಹಿಸುಕುತ್ತ ತೊಳೆಯಿರಿ. ಬಿಳಿಯ ಪಿಷ್ಟವೆಲ್ಲ ನೀರಿನೊಡನೆ ಹೋಗಿ, ಕೈಯಲ್ಲಿ ಹಲಸಿನ ಮೇಣದಂತಹ ಒಂದು ಅಂಟು ಉಳಿಯುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಅದೇ ಗ್ಲುಟೆನ್. ಗ್ಲಿಯಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಬಗೆಯ ಸಸಾರಜನಕಗಳು ನೀರು ಸೇರಿದಾಗ ಹೆಣೆದುಕೊಂಡು ಆಗುವ ಬಲೆ ಅದು. ಬ್ರೆಡ್ಡು ಉಬ್ಬುವುದು, ಪರೋಟವನ್ನು ಬೀಸಿ ಅಗಲಿಸಲು ಸಾಧ್ಯವಾಗುವುದು ಈ ಬಲೆಯಿಂದ. ಅಕ್ಕಿಹಿಟ್ಟನ್ನೋ ರಾಗಿಹಿಟ್ಟನ್ನೋ ಹೀಗೆ ತೊಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ನಮ್ಮ ಅಡುಗೆಮನೆಯ ಹೆಂಗಸರು ಇದನ್ನು ಪುಸ್ತಕವಿಲ್ಲದೆಯೇ ಅರಿತಿದ್ದರು. ಅಕ್ಕಿರೊಟ್ಟಿಗೆ ಹಿಟ್ಟನ್ನು ಕುದಿಯುವ ನೀರಿನಲ್ಲಿ ತೊಳಸುವುದು, ಅಂಟಿನ ಸಸಾರಜನಕವಿಲ್ಲದ ಕಡೆ ಬೆಂದ ಪಿಷ್ಟದಿಂದಲೇ ಅಂಟನ್ನು ಪಡೆಯುವ ಉಪಾಯ. ದೋಸೆಗೆ, ಇಡ್ಲಿಗೆ ಉದ್ದಿನ ಲೋಳೆ ಸೇರಿಸುವುದು ಗಾಳಿಯನ್ನು ಹಿಡಿದಿಡುವ ಇನ್ನೊಂದು ಉಪಾಯ. ಜಗತ್ತಿನ ಬೇರೆಡೆ ಗ್ಲುಟೆನ್ ಇಲ್ಲದ ತಿನಿಸಿಗಾಗಿ ಪ್ರಯೋಗಾಲಯಗಳಲ್ಲಿ ಹುಡುಕಾಟ ನಡೆದಿದೆ. ನಮ್ಮಲ್ಲಿ ಅದು ಬೆಳಗಿನ ತಿಂಡಿ.

ಗೋಧಿ, ಬಾರ್ಲಿ, ರೈ, ಈ ಮೂರು ಧಾನ್ಯಗಳಲ್ಲಿ ಈ ಗುಂಪಿನ ಸಸಾರಜನಕಗಳಿವೆ. ಭತ್ತ, ರಾಗಿ, ಜೋಳ, ಮೆಕ್ಕೆಜೋಳ, ಸಜ್ಜೆ, ನವಣೆ, ಸಾಮೆ, ಹಾರಕ, ಊದಲು, ಇವುಗಳಲ್ಲಿ ಇಲ್ಲ. ಉತ್ತರ ಕರ್ನಾಟಕದ ಜವೆಗೋಧಿ, ಸದಕ ಎಂದೂ ಕರೆಯುವ ಹಳೆಯ ತಳಿಯ ಗೋಧಿ, ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದೆಂದು ಹೆಸರಾಗಿದೆ. ಅದೂ ಗೋಧಿಯೇ, ಅದರಲ್ಲಿಯೂ ಗ್ಲುಟೆನ್ ಇದೆ. ಹಳೆಯ ತಳಿ ಎಂಬ ಒಂದೇ ಕಾರಣಕ್ಕೆ ಅದನ್ನು ನಿರಪಾಯಕಾರಿ ಎಂದು ಮಾರುವವರನ್ನು ನಂಬಬಾರದು.

ಗ್ಲುಟೆನ್ ನಿಜವಾಗಿಯೂ ಯಾರಿಗೆ ವಿಷ? ಸೀಲಿಯಾಕ್ ಎಂಬ ಕಾಯಿಲೆ ಇರುವವರಿಗೆ. ಅವರ ದೇಹದ ರಕ್ಷಣಾ ವ್ಯವಸ್ಥೆ ಗ್ಲುಟೆನ್ನಿಗೆ ಪ್ರತಿಕ್ರಿಯಿಸುವಾಗ ತನ್ನದೇ ಸಣ್ಣ ಕರುಳಿನ ಒಳಪದರವನ್ನು ಸವೆಸಿಬಿಡುತ್ತದೆ. ಉಂಡ ಆಹಾರ ಮೈಗೆ ಹತ್ತುವುದಿಲ್ಲ. ಮಕ್ಕಳ ಬೆಳವಣಿಗೆ ನಿಲ್ಲುತ್ತದೆ. ದೊಡ್ಡವರಲ್ಲಿ ಕಬ್ಬಿಣದ ಮಾತ್ರೆಗೂ ಬಗ್ಗದ ರಕ್ತಹೀನತೆ, ಮುಗಿಯದ ಭೇದಿ, ಮೂಳೆಯ ಸವೆತ ಕಾಣಿಸಬಹುದು. ಇದಕ್ಕೆ ಗೋಧಿಯೇ ಕಾರಣವೆಂದು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕ್ಕ. ೧೯೪೪-೪೫ರ ಚಳಿಗಾಲದಲ್ಲಿ, ಯುದ್ಧದ ದೆಸೆಯಿಂದ ಆ ದೇಶದಲ್ಲಿ ಬ್ರೆಡ್ಡೇ ಸಿಗದಂತಾದಾಗ, ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡದ್ದು ಅವರ ಊಹೆಯನ್ನು ಗಟ್ಟಿಗೊಳಿಸಿತು. ೧೯೫೦ರಲ್ಲಿ ಅವರು ತಮ್ಮ ಪ್ರಬಂಧವನ್ನು ಮಂಡಿಸಿದರು.

ನಮ್ಮ ದೇಶದ್ದೇ ಒಂದು ಅಧ್ಯಯನ ೨೦೧೬ರಲ್ಲಿ ಪ್ರಕಟವಾಯಿತು. ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾರತದ ೨೩ ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಅದಕ್ಕಾಗಿ ಪರೀಕ್ಷಿಸಲಾಗಿತ್ತು. ಸೀಲಿಯಾಕ್ ಕಾಯಿಲೆಯನ್ನು ಸೂಚಿಸುವ ಪ್ರತಿಕಾಯಗಳು ಉತ್ತರದಲ್ಲಿ ಶೇಕಡಾ ೧.೨೩, ಈಶಾನ್ಯದಲ್ಲಿ ೦.೮೭, ದಕ್ಷಿಣದಲ್ಲಿ ೦.೧೦ ಜನರ ರಕ್ತದಲ್ಲಿ ಕಂಡುಬಂದವು. ಕುತೂಹಲದ ಸಂಗತಿಯೆಂದರೆ, ಈ ಕಾಯಿಲೆಗೆ ಎಡೆಮಾಡುವ ಆನುವಂಶಿಕ ಗುಣ ಮೂರೂ ಕಡೆ ಸರಿಸುಮಾರು ಮೂರರಲ್ಲೊಬ್ಬರಿಗೆ ಇತ್ತು. ಭಿನ್ನವಾಗಿದ್ದದ್ದು ಗೋಧಿಯ ಬಳಕೆ. ಉತ್ತರದವರು ದಿನಕ್ಕೆ ಸರಾಸರಿ ೪೫೫ ಗ್ರಾಂ ಗೋಧಿ ತಿನ್ನುತ್ತಿದ್ದರೆ, ದಕ್ಷಿಣದವರು ತಿನ್ನುತ್ತಿದ್ದದ್ದು ೨೫ ಗ್ರಾಂ. ಈಶಾನ್ಯದಲ್ಲಿ ಬಳಕೆ ಕೇವಲ ೩೭ ಗ್ರಾಂ ಇದ್ದರೂ ಕಾಯಿಲೆ ಕಡಿಮೆಯಿರಲಿಲ್ಲ. ಆದ್ದರಿಂದ ಗೋಧಿಯ ತೂಕವೊಂದೇ ಎಲ್ಲವನ್ನೂ ವಿವರಿಸುವುದಿಲ್ಲ. ಆದರೂ ಒಂದು ಮಾತು ಸ್ಪಷ್ಟ. ದಕ್ಷಿಣದವರಿಗೆ ಇದು ಬರುವುದೇ ಇಲ್ಲ ಎಂಬ ನಂಬಿಕೆಗೆ ನಮ್ಮ ರಕ್ತದಲ್ಲಿ ಆಧಾರವಿಲ್ಲ. ಗೋಧಿಯನ್ನೇ ಬೆಳೆಯದ, ಬೆಳೆಯಲೂ ಆಗದ ಈ ಮಳೆನಾಡಿನಲ್ಲಿ ಇಂದು ಬಸ್ಸು ನಿಲ್ಲುವ ಪ್ರತಿಯೊಂದು ತಿರುವಿನಲ್ಲಿಯೂ ಬನ್ನು, ಪರೋಟ, ನೂಡಲ್ಸು ದೊರೆಯುತ್ತವೆ. ಇಪ್ಪತ್ತೈದು ಗ್ರಾಮಿನ ಕಾಲ ನಮ್ಮ ಮಕ್ಕಳ ಮಟ್ಟಿಗೆ ಮುಗಿದಂತೆಯೇ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹೊಟ್ಟೆ ಕೆಟ್ಟಿತೆಂದು, ಯಾರೋ ಹೇಳಿದರೆಂದು ಮೊದಲೇ ಗೋಧಿ ಬಿಟ್ಟು, ಆಮೇಲೆ ಪರೀಕ್ಷೆಗೆ ಹೋಗಬೇಡಿ. ರಕ್ತದಲ್ಲಿನ ಪ್ರತಿಕಾಯಗಳ ಪರೀಕ್ಷೆಯಾಗಲಿ, ಕರುಳಿನ ತುಣುಕಿನ ಪರೀಕ್ಷೆಯಾಗಲಿ, ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಬಿಟ್ಟ ಕೆಲವು ತಿಂಗಳಿಗೆ ಕರುಳು ಮಾಗುತ್ತದೆ, ಕಾಯಿಲೆ ಇದ್ದರೂ ಇಲ್ಲವೆಂದು ವರದಿ ಬರುತ್ತದೆ. ಒಂದನೆಯ ಬಗೆಯ ಮಧುಮೇಹವಿರುವ ಮಕ್ಕಳಲ್ಲಿ ಸೀಲಿಯಾಕ್ ಹೆಚ್ಚಾಗಿ ಕಾಣುವುದರಿಂದ ಅಂಥ ಮಕ್ಕಳ ತಂದೆತಾಯಿಗಳು ಈ ಪರೀಕ್ಷೆಯನ್ನು ವೈದ್ಯರಲ್ಲಿ ಕೇಳಿ ಮಾಡಿಸುವುದು ಒಳಿತು. ಗೋಧಿಯ ಅಲರ್ಜಿ ಬೇರೆ. ಕಾಯಿಲೆಯಿಲ್ಲದೆಯೂ ಗೋಧಿ ಹೊಟ್ಟೆಗೆ ಒಗ್ಗದವರು ಬೇರೆ. ಉಳಿದ ಬಹುಸಂಖ್ಯಾತರಿಗೆ ಗ್ಲುಟೆನ್ನಿನಿಂದ ಯಾವ ಕೇಡೂ ಇಲ್ಲ.

ಕಾಯಿಲೆ ಖಚಿತವಾದವರಿಗಾದರೋ ಪಥ್ಯ ಜೀವಮಾನದ್ದು, ಚೂರೂ ಸಡಿಲಿಕೆಯಿಲ್ಲದ್ದು. ಚಪಾತಿ ಬಿಡುವುದು ಸುಲಭ, ಅಡಗಿರುವ ಗೋಧಿಯನ್ನು ಹಿಡಿಯುವುದು ಕಷ್ಟ. ಅಂಗಡಿಯ ಇಂಗಿಗೆ ಹೆಚ್ಚಾಗಿ ಮೈದಾ ಬೆರೆಸಿರುತ್ತಾರೆ. ಮಾಲ್ಟ್ ಪಾನೀಯಗಳಲ್ಲಿ ಬಾರ್ಲಿ ಮತ್ತು ಗೋಧಿ ಇರುತ್ತವೆ. ಮನೆಯಲ್ಲಿ ಮಾಡಿದ ರಾಗಿ ಮಾಲ್ಟಿಗೆ ಈ ದೋಷವಿಲ್ಲ. ಸೋಯಾ ಸಾಸಿನಲ್ಲಿ ಗೋಧಿ, ಹೋಟೆಲಿನ ರವೆದೋಸೆಯಲ್ಲಿ ಮೈದಾ. ಒತ್ತುಶ್ಯಾವಿಗೆ ಅಕ್ಕಿಯದು, ಪೊಟ್ಟಣದ ಶ್ಯಾವಿಗೆ ಸಾಮಾನ್ಯವಾಗಿ ಗೋಧಿಯದು. ಹೋಳಿಗೆಯ ಕಣಕ ಗೋಧಿಯದು. ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯ ಗೋಧಿಯ ರವೆಯದು. ಪ್ರಸಾದವನ್ನು ಬೇಡವೆನ್ನಲು ನಮ್ಮಲ್ಲಿ ಬಾಯಿ ಬರುವುದಿಲ್ಲ, ಆದರೆ ಈ ಕಾಯಿಲೆಯವರು ಅದನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡಬೇಕು. ಎಲ್ಲಕ್ಕಿಂತ ಮಿಗಿಲಾಗಿ ನಮ್ಮ ಹಿಟ್ಟಿನ ಗಿರಣಿ. ಹಿಂದಿನವರು ಗೋಧಿ ಬೀಸಿದ ಕಲ್ಲಿನಲ್ಲಿಯೇ ನಿಮ್ಮ ರಾಗಿ ಬೀಸಿದರೆ ಮೊದಲ ಒಂದೆರಡು ಕಿಲೋ ಹಿಟ್ಟಿಗೆ ಗೋಧಿ ಬೆರೆತೇ ಬರುತ್ತದೆ. ಗ್ಲುಟೆನ್ ಇಲ್ಲವೆಂದು ಪೊಟ್ಟಣದ ಮೇಲೆ ಮುದ್ರಿಸಬೇಕಾದರೆ ಕಿಲೋಗೆ ೨೦ ಮಿಲಿಗ್ರಾಮಿಗಿಂತ ಹೆಚ್ಚು ಇರಬಾರದೆಂಬುದು ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮ. ಹಾಗಾದರೆ ಗಿರಣಿಯ ಬೆರಕೆ ಎಷ್ಟು ದೊಡ್ಡದೆಂದು ಊಹಿಸಿಕೊಳ್ಳಿ. ಅಂಥ ಮನೆಯಲ್ಲಿ ಬೀಸುವ ಕಲ್ಲನ್ನು ಅಟ್ಟದಿಂದ ಇಳಿಸುವುದು ಅಲಂಕಾರಕ್ಕಲ್ಲ.

ಇನ್ನು ಎರಡನೆಯ ಪಥ್ಯ. ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆಂದು, ವಯಸ್ಕರಲ್ಲಿ ಶೇಕಡಾ ೧೧.೪ ಎಂದು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಅಧ್ಯಯನ ೨೦೨೩ರಲ್ಲಿ ತಿಳಿಸಿತು. ಹಳ್ಳಿಗಳಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾದೊಡನೆ ಕೇಳಿಬರುವ ಉಪದೇಶ ಒಂದೇ: ಅನ್ನ ಬಿಡಿ, ಚಪಾತಿ ತಿನ್ನಿ. ಇದನ್ನು ಲೆಕ್ಕಕ್ಕೆ ಒಡ್ಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕದ ಪ್ರಕಾರ ೧೦೦ ಗ್ರಾಂ ಬಿಳಿ ಅಕ್ಕಿಯಲ್ಲಿ ೭೮ ಗ್ರಾಂ ಶರ್ಕರಪಿಷ್ಟವಿದೆ. ಗೋಧಿಯಲ್ಲಿ ೭೧, ರಾಗಿಯಲ್ಲಿ ೭೨, ಸಾಮೆಯಲ್ಲಿ ೬೭, ನವಣೆಯಲ್ಲಿ ೬೧. ಗೋಧಿಗೂ ಅಕ್ಕಿಗೂ ನಡುವೆ ಇರುವುದು ಏಳು ಗ್ರಾಂ. ಚಪಾತಿಯಿಂದ ಸಕ್ಕರೆ ಇಳಿದವರಿಗೆ ಅದು ಇಳಿದದ್ದು ಬಹುಪಾಲು ಧಾನ್ಯ ಬದಲಾದ ಕಾರಣದಿಂದಲ್ಲ, ಎರಡೇ ಚಪಾತಿಗೆ ನಿಲ್ಲಿಸಿದ ಕಾರಣದಿಂದ. ಅನ್ನವನ್ನು ಹಾಗೆ ಎಣಿಸಿ ಉಣ್ಣುವ ರೂಢಿ ನಮಗಿಲ್ಲ, ಅಷ್ಟೆ.

ಸಿರಿಧಾನ್ಯಗಳ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬೇಕಾಗಿದೆ, ಇಲ್ಲಿರುವ ಕೆಲವರಿಗೆ ಅದು ಹಿಡಿಸದಿದ್ದರೂ. ೨೦೨೩ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು. ಆ ಸಡಗರದಲ್ಲಿ ಅವು ಔಷಧಿಗಳೆಂಬ ಪ್ರಚಾರ ನಡೆಯಿತು. ಅವು ಒಳ್ಳೆಯ ಬೆಳೆಗಳು. ಕಡಿಮೆ ನೀರು ಸಾಕು, ನಾರು ಹೆಚ್ಚು, ರಾಗಿಯಲ್ಲಿ ೧೦೦ ಗ್ರಾಮಿಗೆ ೩೪೪ ಮಿಲಿಗ್ರಾಂ ಸುಣ್ಣದಂಶವಿದೆ. ಆದರೆ ಅವುಗಳಲ್ಲಿಯೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ನುಣ್ಣಗೆ ಬೀಸಿ ಗಂಜಿ ಕಾಯಿಸಿ ಕುಡಿದರೆ ಅದು ರಕ್ತಕ್ಕೆ ಬೇಗನೆ ಏರುತ್ತದೆ. ಇದೇ ಮಂಡಳಿಯ ಅಧ್ಯಯನದ ಆಹಾರಕ್ಕೆ ಸಂಬಂಧಿಸಿದ ಭಾಗ ೨೦೨೫ರಲ್ಲಿ ಪ್ರಕಟವಾಯಿತು. ಭಾರತೀಯರ ಶಕ್ತಿಯ ಶೇಕಡಾ ೬೨ರಷ್ಟು ಶರ್ಕರಪಿಷ್ಟದಿಂದ ಬರುತ್ತಿದೆ. ಒಟ್ಟು ಪ್ರಮಾಣವನ್ನು ಇಳಿಸದೆ ಅಕ್ಕಿಯ ಬದಲು ಗೋಧಿಯನ್ನೋ ಸಿರಿಧಾನ್ಯವನ್ನೋ ತಿಂದರೆ ಅಪಾಯ ಕಡಿಮೆಯಾದದ್ದು ಕಾಣಲಿಲ್ಲ. ಅದರ ಒಂದು ಪಾಲಿನ ಜಾಗಕ್ಕೆ ಬೇಳೆಕಾಳು, ಹಾಲು ಮುಂತಾದವುಗಳ ಸಸಾರಜನಕ ಬಂದಲ್ಲಿ ಕಾಣಿಸಿತು. ಹೈದರಾಬಾದಿನ ಸಂಸ್ಥೆ ೨೦೨೪ರಲ್ಲಿ ಕೊಟ್ಟ ಮಾರ್ಗಸೂಚಿಯೂ ಧಾನ್ಯಗಳಿಂದ ಬರುವ ಶಕ್ತಿ ಶೇಕಡಾ ೪೫ನ್ನು ಮೀರಬಾರದೆನ್ನುತ್ತದೆ.

ಈಗ ಎರಡೂ ಪಥ್ಯಗಳನ್ನು ಒಟ್ಟಿಗೆ ಪಾಲಿಸಬೇಕಾದವರ ಕಷ್ಟ ನಿಮಗೆ ಅರ್ಥವಾಗಬಹುದು. ಗೋಧಿ ಬಿಟ್ಟವನು ಸಹಜವಾಗಿ ಅನ್ನದ ಕಡೆಗೆ ವಾಲುತ್ತಾನೆ, ಪಿಷ್ಟ ಹೆಚ್ಚುತ್ತದೆ. ಪೇಟೆಯಲ್ಲಿ ದುಬಾರಿ ಬೆಲೆಗೆ ಸಿಗುವ ಗ್ಲುಟೆನ್‌ರಹಿತ ಬ್ರೆಡ್ಡು, ಬಿಸ್ಕತ್ತುಗಳನ್ನು ಮಾಡುವುದು ಬಹುಪಾಲು ಅಕ್ಕಿಹಿಟ್ಟು, ಮೆಕ್ಕೆಜೋಳದ ಪಿಷ್ಟ, ಮರಗೆಣಸಿನ ಪಿಷ್ಟ, ಸಕ್ಕರೆಗಳಿಂದ. ಇತ್ತ ಪಿಷ್ಟ ಕಡಿಮೆ ಮಾಡಹೊರಟವನು ಗೋಧಿಯ ಹೊಟ್ಟು, ಓಟ್ಸ್ ಎಂದು ಹುಡುಕುತ್ತಾನೆ. ಓಟ್ಸ್ ಸ್ವತಃ ಬೇರೆ ಜಾತಿಯದಾದರೂ ಹೊಲದಿಂದ ಗಿರಣಿಯವರೆಗೆ ಗೋಧಿಯೊಡನೆ ಬೆರೆತಿರುತ್ತದೆ.

ದಾರಿ ನಮ್ಮ ಹಿತ್ತಿಲಿನಲ್ಲಿದೆ. ದಿನಕ್ಕೆ ೪೦೦ ಗ್ರಾಂ ಅಕ್ಕಿ ಉಣ್ಣುವವರು ನಮ್ಮಲ್ಲಿ ಅಪರೂಪವಲ್ಲ. ಅಕ್ಕಿಯೊಂದರಿಂದಲೇ ಅವರಿಗೆ ೩೧೩ ಗ್ರಾಂ ಶರ್ಕರಪಿಷ್ಟ. ಇದರ ಬದಲು ಒಂದು ದಿನದ ಲೆಕ್ಕ ಹೀಗೆ ಹಾಕೋಣ. ಅಕ್ಕಿ ೧೦೦ ಗ್ರಾಂ, ರಾಗಿ ೫೦, ಹೆಸರುಕಾಳು ೬೦, ಸೊಪ್ಪು ತರಕಾರಿ ೪೦೦, ಮೊಸರು ೩೦೦, ಹಸಿ ತೆಂಗಿನಕಾಯಿ ೫೦, ಶೇಂಗಾ ೩೦, ಒಂದು ಪೇರಲೆಹಣ್ಣು, ಎರಡು ಮೊಟ್ಟೆ, ಒಗ್ಗರಣೆಗೆ ಮತ್ತು ಪಲ್ಯಕ್ಕೆ ೨೦ ಗ್ರಾಂ ಎಣ್ಣೆ. ಕೂಡಿಸಿದರೆ ಶರ್ಕರಪಿಷ್ಟ ಸುಮಾರು ೨೦೦ ಗ್ರಾಂ, ಸಸಾರಜನಕ ೬೫, ಜಿಡ್ಡು ೭೮. ಒಟ್ಟು ಶಕ್ತಿ ೧೮೦೦ ಕ್ಯಾಲೊರಿಯ ಹತ್ತಿರ. ಶಕ್ತಿಯಲ್ಲಿ ಶರ್ಕರಪಿಷ್ಟದ ಪಾಲು ಶೇಕಡಾ ೪೫ರ ಆಸುಪಾಸಿಗೆ ಇಳಿಯಿತು. ಇದರಲ್ಲಿ ಗ್ಲುಟೆನ್ ಲವಲೇಶವೂ ಇಲ್ಲ. ಮೊಟ್ಟೆ ತಿನ್ನದವರು ಇನ್ನಷ್ಟು ಕಾಳು, ಮೊಸರು ಸೇರಿಸಿಕೊಳ್ಳಬಹುದು. ಇನ್ನೂ ಇಳಿಸಬೇಕೆಂದು ವೈದ್ಯರು ಹೇಳಿದರೆ ರಾಗಿಯನ್ನೂ ಅಕ್ಕಿಯ ಅರ್ಧವನ್ನೂ ತೆಗೆದು, ಆ ಜಾಗಕ್ಕೆ ತರಕಾರಿ, ಮೊಟ್ಟೆ, ಮೀನು ತಂದರೆ ೧೩೦ ಗ್ರಾಮಿನ ಸುತ್ತಮುತ್ತ ಬಂದು ನಿಲ್ಲುತ್ತದೆ. ಪಾಶ್ಚಾತ್ಯ ವೈದ್ಯರು ಕಡಿಮೆ ಶರ್ಕರಪಿಷ್ಟದ ಆಹಾರವೆಂದು ಕರೆಯುವ ಗೆರೆ ಅದು. ಅದಕ್ಕಿಂತ ಕೆಳಗೆ, ಇಪ್ಪತ್ತು ಮೂವತ್ತು ಗ್ರಾಮಿಗೆ ಇಳಿಯುವ ಕೀಟೋ ಎಂಬ ಪಥ್ಯವನ್ನು ಗದ್ದೆ ತೋಟಗಳಲ್ಲಿ ದುಡಿಯುವವರು ತಾವಾಗಿ ಹಿಡಿಯುವುದು ನನಗೆ ಸರಿಕಾಣದು.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಈ ಭಾಗವನ್ನು ಗಮನವಿಟ್ಟು ಕೇಳಬೇಕು. ಔಷಧದ ಪ್ರಮಾಣ ನಿಮ್ಮ ಹಳೆಯ ಊಟಕ್ಕೆ ಹೊಂದಿಸಿದ್ದು. ಊಟವನ್ನು ಏಕಾಏಕಿ ಅರ್ಧ ಮಾಡಿ ಔಷಧವನ್ನು ಹಾಗೆಯೇ ಮುಂದುವರಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಬೆವರು, ನಡುಕ, ಮಂಪರು, ಕೊನೆಗೆ ಪ್ರಜ್ಞೆ ತಪ್ಪುವುದು. ಆಸ್ಪತ್ರೆಗೆ ನಲವತ್ತು ಕಿಲೋಮೀಟರು ಇರುವ, ಮಳೆಗಾಲದಲ್ಲಿ ಹಳ್ಳ ದಾಟಲಾಗದ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ವೈದ್ಯರಿಗೆ ಮೊದಲು ತಿಳಿಸಿ, ಔಷಧ ಹೊಂದಿಸಿಕೊಂಡು, ಮೆಲ್ಲಗೆ ಇಳಿಸಬೇಕು. ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು, ಬೆಳೆಯುವ ಮಕ್ಕಳು ಈ ಲೆಕ್ಕವನ್ನು ತಮಗೆ ಅನ್ವಯಿಸಿಕೊಳ್ಳಬಾರದು.

ಮಲೆನಾಡಿನ ಅಡುಗೆಯಲ್ಲಿ ಪಿಷ್ಟ ಕಡಿಮೆಯಿರುವ ಪದಾರ್ಥಗಳಿಗೆ ಬರವಿಲ್ಲ. ಒಂದೆಲಗದ ತಂಬುಳಿ, ಕೆಸುವಿನ ಸೊಪ್ಪು, ನುಗ್ಗೆಸೊಪ್ಪು, ಬೂದುಗುಂಬಳ, ಬಾಳೆದಿಂಡು. ಎಳೆಯ ಹಲಸಿನ ಗುಜ್ಜೆಯಲ್ಲಿ ೧೦೦ ಗ್ರಾಮಿಗೆ ೯ ಗ್ರಾಂ ಶರ್ಕರಪಿಷ್ಟ ಮಾತ್ರ, ಹಣ್ಣಾದಾಗ ಅದು ೨೦ ಆಗುತ್ತದೆ. ಅದೇ ಮರ, ಎರಡು ತಿಂಗಳ ಅಂತರ. ಕಳಲೆಯಲ್ಲಿ ಆರು ಗ್ರಾಮಿಗಿಂತ ಕಡಿಮೆ. ಅದನ್ನು ದಿನವೂ ನೀರು ಬದಲಿಸಿ ನೆನೆಹಾಕುವುದು ರುಚಿಗಷ್ಟೇ ಅಲ್ಲ, ಅದರಲ್ಲಿ ಸಯನೈಡ್ ಬಿಡುವ ಅಂಶವಿರುವುದರಿಂದ. ಹೂಬಿಟ್ಟು ಸತ್ತ ಮೆಳೆಗಳ ಬೀಜ ಮೊಳೆತು ಎಳೆಯ ಬಿದಿರು ಮೇಲೇಳುತ್ತಿರುವ ಕಡೆ ಕಳಲೆ ಮುರಿಯಬೇಡಿ ಎಂಬ ಕೋರಿಕೆಯನ್ನು ಇಲ್ಲಿಯೇ ಸೇರಿಸುತ್ತೇನೆ. ಮೀನು, ಏಡಿಗಳಲ್ಲಿ ಶರ್ಕರಪಿಷ್ಟ ಇಲ್ಲವೆಂದರೂ ಸರಿ. ಗದ್ದೆಗೆ ಕೀಟನಾಶಕ ಬಿದ್ದ ಕಡೆ ಏಡಿಯೂ ಇಲ್ಲ. ತೆಂಗಿನಕಾಯಿಯ ಬಗ್ಗೆ ಒಂದು ಮಾತು: ಅದರ ಜಿಡ್ಡು ಬಹುಪಾಲು ಪರ್ಯಾಪ್ತ ಬಗೆಯದು. ಚಟ್ನಿಗೆ, ಹುಳಿಗೆ ಬಳಸುವುದು ಸರಿ. ಅದರ ಎಣ್ಣೆಯನ್ನು ಔಷಧವೆಂದು ಚಮಚದಲ್ಲಿ ಕುಡಿಯುವ ಹೊಸ ಚಟ ಅನವಶ್ಯಕ. ಎಳ್ಳು, ಶೇಂಗಾ ನಮಗೆ ಹೊಸದಲ್ಲವಲ್ಲ. ಗೆಡ್ಡೆಗಳಲ್ಲಿ ಸುವರ್ಣಗೆಡ್ಡೆಯೂ ಕೆಸುವಿನ ಗೆಡ್ಡೆಯೂ ೧೦೦ ಗ್ರಾಮಿಗೆ ೨೦ರ ಹತ್ತಿರ, ಮರಗೆಣಸು ೩೮. ಇವುಗಳನ್ನು ತರಕಾರಿಯೆಂದು ಎಣಿಸದೆ ಅನ್ನದ ಲೆಕ್ಕಕ್ಕೆ ಸೇರಿಸಬೇಕು.

ತೊಡಕಿರುವುದು ಕಾಳಿನಲ್ಲಿ. ಮೇಲಿನ ಲೆಕ್ಕದಲ್ಲಿ ದಿನಕ್ಕೆ ೬೦ ಗ್ರಾಂ ಎಂದೆ. ನಾಲ್ಕು ಜನರ ಮನೆಗೆ ವರ್ಷಕ್ಕೆ ಸುಮಾರು ೮೮ ಕಿಲೋ ಆಯಿತು. ಅಷ್ಟು ಕಾಳನ್ನು ಅಂಗಡಿಯಿಂದ ತರಲು ಕೂಲಿಕಾರರ ಮನೆಗೆ ಸಾಧ್ಯವಿಲ್ಲ. ಪಡಿತರದಲ್ಲಿ ಅವರಿಗೆ ಬರುವುದು ಮುಖ್ಯವಾಗಿ ಅಕ್ಕಿ. ಬಡವರ ತಟ್ಟೆಯಲ್ಲಿ ಪಿಷ್ಟ ಹೆಚ್ಚಿರುವುದು ಅವರ ನಾಲಿಗೆಯ ತಪ್ಪಲ್ಲ. ಆದ್ದರಿಂದ ಕಾಳನ್ನು ಇಲ್ಲಿಯೇ ಬೆಳೆಯಬೇಕು, ಮತ್ತು ಅದಕ್ಕೆ ಹೊಸ ಭೂಮಿ ಬೇಕಾಗಿಲ್ಲ. ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಉಳಿದ ತೇವಕ್ಕೆ ಹುರುಳಿ, ಉದ್ದು, ಹೆಸರು, ಅಲಸಂದೆ ಎರಚುವ ಪದ್ಧತಿ ನಮ್ಮ ಹಿರಿಯರದೇ. ಹುರುಳಿಯಲ್ಲಿ ನೂರಕ್ಕೆ ೨೨ ಪಾಲು ಸಸಾರಜನಕ. ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಇಳಿಸುವುದರಿಂದ ಮುಂದಿನ ಭತ್ತಕ್ಕೆ ಗೊಬ್ಬರವೂ ಅಷ್ಟು ಉಳಿತಾಯ. ಈ ಪದ್ಧತಿ ನಿಂತುಹೋದದ್ದಕ್ಕೆ ಗದ್ದೆಗಳೇ ಅಡಿಕೆ ತೋಟ, ಶುಂಠಿ ಹೊಲಗಳಾದದ್ದು ಒಂದು ಕಾರಣ. ಇನ್ನೊಂದು, ಕೊಯ್ಲಾದೊಡನೆ ದನಗಳನ್ನು ಬಿಟ್ಟು ಮೇಯಿಸುವ ರೂಢಿ. ಒಬ್ಬನೇ ಹುರುಳಿ ಬಿತ್ತಿದರೆ ಅದು ಊರಿನ ದನಗಳಿಗೆ ಮೇವಾಗುತ್ತದೆ. ಮಂಗಗಳ ಮತ್ತು ಹಂದಿಗಳ ಕಾಟ ಹಿತ್ತಿಲಿನ ತರಕಾರಿಯನ್ನೇ ಮುಗಿಸಿರುವುದನ್ನು ನೀವೇ ನನಗೆ ಹೇಳಬಲ್ಲಿರಿ. ಅದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಆದರೆ ದನದ ವಿಷಯ ನಮ್ಮ ಕೈಯಲ್ಲಿದೆ. ಒಂದು ಬಯಲಿನ ಗದ್ದೆಯವರೆಲ್ಲ ಸೇರಿ, ಕೊಯ್ಲಿನಿಂದ ಶಿವರಾತ್ರಿಯ ತನಕ ದನ ಕಟ್ಟುವ ಕರಾರು ಮಾಡಿಕೊಂಡರೆ ಬೇಲಿಯ ಖರ್ಚಿಲ್ಲದೆ ಒಂದು ಬೆಳೆ ಬರುತ್ತದೆ.

ಈ ವರ್ಷ ಯಾವ ಬಯಲಿನವರು ಅಂಥ ಕರಾರಿಗೆ ಒಪ್ಪುತ್ತೀರೋ ಅವರು ಮಧ್ಯಾಹ್ನದ ಊಟದ ಬಳಿಕ ದಯವಿಟ್ಟು ಹೆಸರು ಬರೆಸಿ. ಎಕರೆಗೆ ಎಷ್ಟು ಬೀಜ, ಯಾವ ವಾರ ಎರಚಬೇಕು ಎಂಬುದನ್ನು ನಿಮ್ಮ ಗದ್ದೆಯ ಮಣ್ಣು ನೋಡಿಯೇ ಹೇಳುತ್ತೇನೆ. ಗಿರಣಿ ನಡೆಸುವ ಇಬ್ಬರು ಇಲ್ಲಿ ಬಂದಿದ್ದಾರೆ. ವಾರದಲ್ಲಿ ಒಂದು ದಿನ ಕಲ್ಲು ತೊಳೆದು ಗೋಧಿಯಿಲ್ಲದ ಧಾನ್ಯಗಳನ್ನಷ್ಟೇ ಬೀಸಲು ಸಾಧ್ಯವೇ ಎಂದು ಅವರೊಡನೆಯೂ ಮಾತನಾಡಬೇಕಾಗಿದೆ.